ಮೂರನೇ ಪೆಟ್ಟಿಗೆಯ ಹಸಿರು ಕಾರ್ಡು

“ಓದಿ ನೋಡಿ ಅಕ್ಕ. ಏನಾದ್ರೂ ಬಿಟ್ಟುಹೋಗಿದ್ರೆ ಹೇಳಿ, ಸೇರಿಸ್ತೀನಿ.”

ಡಾಕ್ಟರ ತಂಗಿ ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು.

ಒಂದೇ ಪುಟ. ದುಂಡನೆಯ ಅಕ್ಷರ, ಗೆರೆ ಎಳೆದಂಥ ಸಾಲು. ಒಡಹುಟ್ಟಿದ ಅಣ್ಣನ ಸಾವಿಗೆ ತಾನೇ ಕಾರಣ ಎಂದು ಇಷ್ಟು ಅಚ್ಚುಕಟ್ಟಾಗಿ ಬರೆದುಕೊಟ್ಟವರನ್ನು ನಾನು ಕಂಡದ್ದು ಇದೇ ಮೊದಲು. ಹನ್ನೆರಡು ವರ್ಷ ವಿಮಾ ಕಂಪನಿಗೆ ತಪಾಸಣೆ ಮಾಡಿದವಳು ನಾನು; ಈ ಸಾವಿನ ತಪಾಸಣೆಗೂ ಕಂಪನಿ ನನ್ನನ್ನೇ ಕಳಿಸಿತ್ತು. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲು ಜನ ಪಡುವ ಪಾಡು ನೋಡಿ ನೋಡಿ ಅಭ್ಯಾಸವಾಗಿದೆ. ತಪ್ಪನ್ನು ತಬ್ಬಿಕೊಂಡು ಕೂತವರ ಎದುರು ನನಗೆ ಕೈಕಾಲೇ ಆಡುವುದಿಲ್ಲ.

“ಸಹಿ ಹಾಕಿಲ್ಲ ತಾನೇ?”

“ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಬರ್ತಾರೆ. ಅವರ ಎದುರಿಗೇ ಹಾಕ್ಬೇಕಂತೆ.”

ಗೋಡೆಯ ಗಡಿಯಾರದಲ್ಲಿ ಎರಡೂ ಮುಕ್ಕಾಲು. ಸಹಿ ಬಿದ್ದ ಮರುಕ್ಷಣ ಇವಳು ಅವರ ಜೀಪು ಹತ್ತಬೇಕು. ಮನೆಯಲ್ಲಿ ಇವಳಿಗೆ ಆರು ವರ್ಷದ ಮಗಳು.

ಶುಕ್ರವಾರ ಬೆಳಿಗ್ಗೆ ಇದೇ ಕೋಣೆಯಲ್ಲಿ ಇವಳ ಅಣ್ಣ, ಊರೆಲ್ಲ ‘ಡಬ್ಬಿ ಡಾಕ್ಟರು’ ಎಂದು ಕರೆಯುತ್ತಿದ್ದ ಆ ಮನುಷ್ಯ, ಒಂದು ಹಳೆಯ ಕಂಪ್ಯೂಟರಿನ ಬೆನ್ನು ಬಿಚ್ಚಿಟ್ಟು, ಎರಡೂ ಅಂಗೈ ಸುಟ್ಟುಕೊಂಡು ಸತ್ತುಬಿದ್ದಿದ್ದರು. ಇವತ್ತು ಸೋಮವಾರ.

ಉದ್ದನೆಯ ಮೇಜಿನ ಮೇಲೆ ಅಂಥ ಕಂಪ್ಯೂಟರುಗಳು ಐದು. ಒಂದೊಂದಕ್ಕೂ ನಲವತ್ತು ವರ್ಷದ ಮೇಲಾಗಿದೆ. ಈ ಮನೆಯಲ್ಲಿ ಅವಕ್ಕೆ ‘ಪೆಟ್ಟಿಗೆ’ ಎಂದೇ ಹೆಸರು. ಹಳೆಯ ಟಿವಿಯ ಹಾಗೆ ಒಳಗೆ ದಪ್ಪ ಗಾಜಿನ ಟ್ಯೂಬು, ಪರದೆಯ ಮೇಲೆ ಹಸಿರು ಅಕ್ಷರ. ಆ ಟ್ಯೂಬು ಮುಪ್ಪಾಗಿ ಮಂಕಾದರೆ ಹೊಸದು ಎಲ್ಲಿಯೂ ಸಿಗುವುದಿಲ್ಲ. ಅದನ್ನು ಕಿತ್ತು, ಅದೇ ಜಾಗದಲ್ಲಿ ಈಗಿನ ಕಾಲದ ತೆಳು ಪ್ಯಾನೆಲ್ ಕೂರಿಸಿ, ಮುಂದೆ ಉಬ್ಬಿದ ಮುಖವೊಂದನ್ನು ಅಂಟಿಸುವುದೇ ಡಾಕ್ಟರ ಕಸುಬು. ಹೊರಗಿನಿಂದ ಅಜ್ಜ, ಒಳಗೆ ಮೊಮ್ಮಗ.

ಡಾಕ್ಟರು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಟ್ಯೂಬಿನ ಹಾಗೆಯೇ ಅಕ್ಷರ ನಿಧಾನವಾಗಿ ಬೆಳಗಬೇಕು, ಅಂಚಿನಲ್ಲಿ ಸ್ವಲ್ಪ ನಡುಗಬೇಕು. ಅದಕ್ಕೂ ಒಂದು ಪ್ರೋಗ್ರಾಂ ಬರೆದಿದ್ದರು. ಅವರ ಪ್ಯಾನೆಲ್ ಪೆಟ್ಟಿಗೆಯನ್ನೂ ಟ್ಯೂಬಿನ ಪೆಟ್ಟಿಗೆಯನ್ನೂ ಪಕ್ಕಪಕ್ಕ ಇಟ್ಟರೆ ಕಸುಬು ಬಲ್ಲವರೂ ತಲೆ ಕೆರೆದುಕೊಳ್ಳಬೇಕು.

ಕಸುಬಿನಲ್ಲಿ ಒಂದೇ ಅಪಾಯ. ಸ್ವಿಚ್ ಆರಿಸಿದ ಮೇಲೂ ಟ್ಯೂಬು ತನ್ನೊಳಗಿನ ವಿದ್ಯುತ್ತನ್ನು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿದಿಟ್ಟುಕೊಂಡಿರುತ್ತದೆ. ತಂತಿ ಕಟ್ಟಿದ ಸ್ಕ್ರೂಡ್ರೈವರನ್ನು ಅದರ ಬೆನ್ನ ಮೇಲಿನ ರಬ್ಬರ್ ಟೋಪಿಯ ಕೆಳಗೆ ತೂರಿಸಿ ಆ ಚಾರ್ಜನ್ನು ಇಳಿಸಬೇಕು. ಇಳಿಸಿದವರು ಪೆಟ್ಟಿಗೆಯ ನಂಬರ್ ಬರೆದು, ಸಹಿ ಮಾಡಿದ ಹಸಿರು ಕಾರ್ಡನ್ನು ಅದರ ದಾರಕ್ಕೆ ಹಾಕಬೇಕು. ಇಳಿಸಿಲ್ಲವಾದರೆ ಕೆಂಪು.

ಕೆಂಪು ಇದ್ದರೆ ಎಡಗೈ ಜೇಬಿನಲ್ಲಿ, ಬಲಗೈ ಒಂದರಲ್ಲೇ ಕೆಲಸ. ಎರಡೂ ಕೈ ಒಳಗಿಟ್ಟರೆ ಷಾಕ್ ಎದೆಯ ಮೂಲಕ ಹಾಯುತ್ತದೆ. ಹಸಿರು ಇದ್ದರೆ ಎರಡೂ ಕೈ. ಇಪ್ಪತ್ತು ವರ್ಷ ಈ ಮನೆಯಲ್ಲಿ ಈ ನಿಯಮ ಒಂದು ದಿನವೂ ಮುರಿದಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಬೆಚ್ಚಿಬಿದ್ದು, ನಾಲ್ಕು ಬೈಗುಳ ಬೈದು, ಕೈ ಊದಿಕೊಂಡು ಸುಮ್ಮನಾಗುತ್ತಿದ್ದರೋ ಏನೋ. ಡಾಕ್ಟರ ಎದೆಯಲ್ಲಿ ಪೇಸ್‌ಮೇಕರ್ ಇತ್ತು.

“ಇನ್ನೊಂದ್ಸಲ ಹೇಳು,” ಎಂದೆ. “ಗುರುವಾರ ಸಂಜೆ ಏನಾಯ್ತು?”

“ಎಷ್ಟು ಸಲ ಅಕ್ಕ?”

“ನನಗೆ ಮರೆವು ಜಾಸ್ತಿ. ಹೇಳು.”

ಅವಳು ಮೂರನೇ ಪೆಟ್ಟಿಗೆಯ ಕಡೆ ನೋಡದೆ ಹೇಳಿದಳು. “ದಿನಾ ಐದೂವರೆಗೆ ಎಲ್ಲಾ ಪೆಟ್ಟಿಗೆ ಆರಿಸಿ, ಚಾರ್ಜ್ ಇಳಿಸಿ, ಕಾರ್ಡ್ ಹಾಕೋದು ನನ್ನ ಕೆಲಸ. ಅವತ್ತು ಮಗಳಿಗೆ ಜ್ವರ ಅಂತ ಮನೆಯಿಂದ ಫೋನ್ ಬಂತು. ಒಂದು, ಎರಡು, ನಾಲ್ಕು, ಐದು ಇಳಿಸ್ದೆ. ಮೂರನೇದರ ಸ್ಕ್ರೂ ಬಿಗಿಯಾಗಿತ್ತು. ಬೆಳಿಗ್ಗೆ ಇಳಿಸಿದ್ರಾಯ್ತು ಅಂತ ಆರಿಸಿ, ಹಸಿರು ಕಾರ್ಡ್ ಹಾಕಿ ಓಡಿದೆ.”

“ಬೆಳಿಗ್ಗೆ?”

“ರಾತ್ರಿಯೆಲ್ಲಾ ಮಗು ಮಲಗಲಿಲ್ಲ. ಒಂಬತ್ತೂವರೆಗೆ ಬಂದೆ. ಅಷ್ಟೊತ್ತಿಗೆ...” ಅವಳು ಕಾಗದದ ಅಂಚನ್ನು ನೇರ ಮಾಡಿದಳು. “ಅಣ್ಣ ಕಾರ್ಡ್ ನಂಬಲಿಲ್ಲ ಅಕ್ಕ, ನನ್ನನ್ನ ನಂಬಿದ್ರು. ಎರಡೂ ಕೈ ಹಾಕಿದ್ರು.”

ಅವಳ ಸಂಕಟಕ್ಕೆ ನನ್ನ ಬಳಿ ಮದ್ದಿರಲಿಲ್ಲ. ಅವಳು ಹೇಳುತ್ತಿದ್ದುದೆಲ್ಲ ನಿಜ. ಆದರೂ ಮೂರು ದಿನದಿಂದ ನನ್ನನ್ನು ಒಂದು ವಿಷಯ ಕೊರೆಯುತ್ತಿತ್ತು. ಮೂರನೇ ಪೆಟ್ಟಿಗೆಯೊಳಗೆ ಟ್ಯೂಬನ್ನು ಬಿಗಿದ ಸ್ಕ್ರೂಗಳ ತಲೆಗಳು ಹೊಸದಾಗಿ ಸವೆದಿದ್ದವು. ಒಂದೇ ವಾರದಲ್ಲಿ ಅವನ್ನು ಎರಡು ಮೂರು ಸಲ ಬಿಚ್ಚಿ ಬಿಗಿದ ಹಾಗಿತ್ತು. ಆ ಪೆಟ್ಟಿಗೆಗೆ ಪ್ಯಾನೆಲ್ ಹಾಕುವಂತಿರಲಿಲ್ಲ. ಅದರ ಒಡೆಯ, ಮುಂದಿನ ತಿಂಗಳು ಮ್ಯೂಸಿಯಂ ತೆರೆಯಲಿರುವ ಯಜಮಾನರು, ಮೂಲ ಟ್ಯೂಬೇ ಇರಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಬರೀ ಕೀಲಿಮಣೆ ರಿಪೇರಿಗೆ ಬಂದ ಪೆಟ್ಟಿಗೆಯಲ್ಲಿ ಟ್ಯೂಬಿನ ಸ್ಕ್ರೂಗಳನ್ನು ಅಷ್ಟು ಸಲ ಯಾಕೆ ಬಿಚ್ಚಬೇಕು?

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಅಮ್ಮ ಬಂದರು. ಡಾಕ್ಟರ ತಾಯಿ. ಎಪ್ಪತ್ತೈದಾಗಿದೆ, ಕೈಯಲ್ಲಿ ಮಡಿಸಿದ ಮೆತ್ತನೆ ಬಟ್ಟೆ.

“ಅಮ್ಮ, ಇವತ್ತು ಯಾಕೆ? ಮೇಲೆ ಮಲಗಿರು ಅಂದಿದ್ನಲ್ಲ,” ಎಂದಳು ಮಗಳು.

“ಮಲಗಿದ್ರೆ ಜಂತೆ ಎಣಿಸಬೇಕು. ಇಲ್ಲಿದ್ರೆ ಪೆಟ್ಟಿಗೆ ಎಣಿಸ್ತೀನಿ, ಬಿಡು.” ಅವರು ನನ್ನತ್ತ ತಿರುಗಿದರು. “ಊಟ ಆಯ್ತಾ ತಾಯಿ?”

ಆಯಿತು ಎಂದು ಸುಳ್ಳು ಹೇಳಿದೆ.

ದಿನಾ ಸಂಜೆ ಐದಕ್ಕೆ, ಆರಿಸುವ ಮೊದಲು, ಪರದೆಗಳನ್ನು ಒರೆಸುವುದು ಅಮ್ಮನ ಕೆಲಸ. ಯಾರೂ ಹೇಳಿದ್ದಲ್ಲ, ಅವರೇ ಹಚ್ಚಿಕೊಂಡದ್ದು. ಇವತ್ತು ಐದರವರೆಗೆ ಕಾಯುವ ತಾಳ್ಮೆ ಇರಲಿಲ್ಲವೋ ಏನೋ, ಐದನೇ ಪೆಟ್ಟಿಗೆಯ ಸ್ವಿಚ್ಚನ್ನು ತಾವೇ ಒತ್ತಿದರು. ಅಕ್ಷರಗಳು ನಿಧಾನಕ್ಕೆ ಮೇಲೆದ್ದವು. ಅಮ್ಮ ಬಟ್ಟೆಯನ್ನು ಗಾಜಿಗೆ ತಾಗಿಸಿದರು.

ಚಟಚಟ ಸದ್ದಾಯಿತು. ಅವರ ಮುಂಗೈಯ ನೆರೆತ ಕೂದಲು ನಿಮಿರಿ ನಿಂತಿತು.

“ನೋಡಿದ್ಯಾ? ಹೇಗೆ ಮಾತಾಡುತ್ತೆ,” ಎಂದರು. ಮೂರು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗುವಿನಂಥದ್ದು ಕಂಡೆ. “ಟ್ಯೂಬ್ ಇರೋವು ಮಾತಾಡ್ತವೆ. ನನ್ನ ಮಗ ಪ್ಯಾನೆಲ್ ಹಾಕಿದ್ದು ಬಾಯೇ ಬಿಡಲ್ಲ. ಎಷ್ಟು ತಿಕ್ಕಿದ್ರೂ ಸೊಲ್ಲಿಲ್ಲ. ಎಲ್ಲರ ಕಣ್ಣಿಗೂ ಮಣ್ಣೆರಚ್ತೀಯ ಕಣೋ, ಈ ಕೈಗೆ ಆಗಲ್ಲ ಅಂತಿದ್ದೆ ಅವನಿಗೆ.”

ಬಟ್ಟೆ ನಾಲ್ಕನೇ ಪೆಟ್ಟಿಗೆಗೆ ಹೋಯಿತು. ಮೂರನೆಯದರ ಮುಂದೆ ಪೊಲೀಸರ ಪಟ್ಟಿ ಅಂಟಿತ್ತು. ಅಮ್ಮ ಅಲ್ಲಿ ನಿಂತರು.

“ಇದಕ್ಕೆ ಗುರುವಾರವೇ ಮೈ ಸರಿ ಇರಲಿಲ್ಲ ಅಂತ ಕಾಣುತ್ತೆ,” ಎಂದರು, ತಮಗೇ ಹೇಳಿಕೊಳ್ಳುವಂತೆ.

ನಾನು ಅವರ ಪಕ್ಕಕ್ಕೆ ಹೋದೆ. “ಹಾಗಂದ್ರೆ ಅಮ್ಮ?”

“ಒರೆಸಿದೆ. ಸುಮ್ಮನಿತ್ತು.”

“ಆರಿಸಿತ್ತೇನೋ.”

“ಆರಿಸಿರಲಿಲ್ಲ, ಹಸಿರು ಅಕ್ಷರ ಕಾಣ್ತಿತ್ತಲ್ಲ. ಎರಡು ಸಲ ತಿಕ್ಕಿದೆ. ಚಟ್ ಅನ್ನಲಿಲ್ಲ, ಕೂದಲೂ ಏಳಲಿಲ್ಲ. ವಾರವೆಲ್ಲಾ ಹಾಗೇ ಇತ್ತು.”

“ಯಾರಿಗಾದ್ರೂ ಹೇಳಿದ್ರಾ?”

“ಯಾರು ಕೇಳಿದ್ರು ತಾಯಿ? ಪೊಲೀಸಿನವರು ನನ್ನ ವಯಸ್ಸು ಕೇಳಿದ್ರು, ಕುಡಿಯೋಕೆ ನೀರು ಕೇಳಿದ್ರು, ಹೋದ್ರು.”

ನಾನು ತಂಗಿಯ ಮುಖ ನೋಡಿದೆ. ಅವಳು ಎದ್ದು ನಿಂತಿದ್ದಳು. ಕಸುಬಿನವಳು, ಬಿಡಿಸಿ ಹೇಳಬೇಕಾಗಿರಲಿಲ್ಲ.

“ಗುರುವಾರ ಅದರಲ್ಲಿ ಟ್ಯೂಬೇ ಇರಲಿಲ್ಲ,” ಎಂದಳು ಪಿಸುದನಿಯಲ್ಲಿ. “ಅಣ್ಣ ಪ್ಯಾನೆಲ್ ಹಾಕಿಬಿಟ್ಟಿದ್ರು. ಬುಧವಾರದವರೆಗೂ ಅದನ್ನ ನಾನೇ ಇಳಿಸ್ತೀನಿ ಅಂತಿದ್ರು, ಗುರುವಾರ ಆ ಹೊತ್ತಿಗೆ ಹೊರಗೆ ಹೋಗಿದ್ರು. ಅವತ್ತು ನಾನು ಬಿಚ್ಚಿದ್ದಿದ್ರೆ ಕಾಣ್ತಿತ್ತು. ಬಿಚ್ಚಲಿಲ್ಲ.”

“ನೀನು ದೂರದ ಮೂಲೆಯಲ್ಲಿ ಬೆಸುಗೆ ಹಾಕೋಳು. ಅದರ ಮುಂದೆ ಕೂತ್ಕೊಳ್ತಾ ಇದ್ದವರು ಅವರೊಬ್ಬರೇ.”

“ಆದ್ರೆ ಅಕ್ಕ, ಶುಕ್ರವಾರ ಅದರಲ್ಲಿ ಟ್ಯೂಬ್ ಇತ್ತು. ಫೋಟೋದಲ್ಲಿದೆ. ಈಗಲೂ ಇದೆ.”

ಅದು ನಿಜ. ಗುರುವಾರ ಐದು ಗಂಟೆಗೆ ಇಲ್ಲದ ಟ್ಯೂಬು ಶುಕ್ರವಾರ ಬೆಳಿಗ್ಗೆ ಇತ್ತು. ತಾನಾಗಿ ನಡೆದು ಬಂದು ಕೂರಲು ಅದಕ್ಕೆ ಕಾಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಒಂದು ಸಾವಿನ ಮನೆಯಲ್ಲಿ ಖುಷಿಪಟ್ಟದ್ದಕ್ಕೆ ನನಗೆ ನಾಚಿಕೆಯೂ ಆಯಿತು.

“ಅಮ್ಮ, ಒಂದು ಲೋಟ ಕಾಫಿ ಸಿಗುತ್ತಾ?”

“ಅಯ್ಯೋ, ಮೊದಲೇ ಕೇಳಬಾರದಾ!” ಅವರು ಬಟ್ಟೆ ಮಡಿಸಿಟ್ಟು ಮೆಟ್ಟಿಲು ಹತ್ತಿದರು.

ಅವರನ್ನು ಕಳಿಸಿದ್ದಕ್ಕೆ ಕಾರಣವಿತ್ತು. ಮೂರೂಕಾಲಿಗೆ ನಾನು ಒಬ್ಬರನ್ನು ಬರಹೇಳಿದ್ದೆ. ಅವರ ಸ್ಕೂಟರ್ ಆಗಲೇ ಗೇಟಿನ ಬಳಿ ನಿಂತಿತ್ತು.

ಶುಕ್ರವಾರ ಒಂಬತ್ತಕ್ಕೆ ಹೆಣವನ್ನು ಮೊದಲು ಕಂಡವರು ಇವರು. ಅಮ್ಮ ಇವರಿಗೆ ಇಟ್ಟ ಹೆಸರು ಗಾಜಪ್ಪ. ಪ್ಯಾನೆಲ್ಲಿನ ಮುಂದೆ ಅಂಟಿಸುವ ಉಬ್ಬು ಮುಖಗಳನ್ನು ಬಗ್ಗಿಸಿ ಕೊಡುವವರು. ಬಗ್ಗಿಸುವುದು ಗಾಜನ್ನಲ್ಲ, ಅಕ್ರಿಲಿಕ್ ಹಾಳೆಯನ್ನು. ಅದನ್ನು ಅಮ್ಮನಿಗೆ ಹತ್ತು ವರ್ಷದಿಂದ ವಿವರಿಸಿ ಸೋತಿದ್ದಾರೆ. ಐವತ್ತರ ಆಸುಪಾಸು, ಬೆರಳ ತುದಿಗಳೆಲ್ಲ ಬಿಸಿ ಹಾಳೆ ಹಿಡಿದು ಗಡಸಾಗಿವೆ.

“ಹೇಳಿದ್ದಿರಲ್ಲ ಮೇಡಂ, ತಂದಿದ್ದೀನಿ.” ರಟ್ಟಿನ ಡಬ್ಬವನ್ನು ಮೇಜಿನ ಮೇಲಿಟ್ಟರು. “ಇದರಲ್ಲಿ ಏನು ನೋಡ್ತೀರೋ.”

“ಕೂತ್ಕೊಳ್ಳಿ. ಶುಕ್ರವಾರ ಬೆಳಿಗ್ಗೆ ಇದನ್ನ ಕೊಡೋಕೆ ಅಂತಾನೇ ಬಂದ್ರಿ, ಅಲ್ವಾ?”

“ಹೌದು. ಹೇಳಿಕೆಯಲ್ಲೂ ಹಾಗೇ ಹೇಳಿದ್ದೀನಿ.”

“ಹೊಸ ಮುಖ.”

“ಹೊಸದೇ. ಬುಧವಾರ ಬಗ್ಗಿಸಿದ್ದು.”

ನಾನು ಡಬ್ಬ ತೆರೆದೆ. ಉಬ್ಬಿದ, ಕಪ್ಪು ಹಸಿರು ಛಾಯೆಯ ಮುಖ. ಅದನ್ನು ಎತ್ತಿ ಬೆಳಕಿಗೆ ಹಿಡಿದೆ. ಆಮೇಲೆ ಹಿಂದಿನ ಕಪಾಟಿನಿಂದ ಇವರೇ ಮಾಡಿಕೊಟ್ಟ ಇನ್ನೆರಡು ಮುಖಗಳನ್ನು ತಂದು ಪಕ್ಕದಲ್ಲಿಟ್ಟೆ. ಎರಡರ ಎರಡೂ ಬದಿಗೆ ಕಂದು ಕಾಗದ ಅಂಟಿತ್ತು.

“ಈ ಕಾಗದ ಯಾಕೆ?”

“ಗೀರು ಬೀಳಬಾರದು ಅಂತ.”

“ಯಾವಾಗ ಬಿಡಿಸ್ತಾರೆ?”

“ಪೆಟ್ಟಿಗೆಗೆ ಕೂರಿಸೋ ಹೊತ್ತಿಗೆ. ಅದಕ್ಕೂ ಮೊದಲೇ ಬಿಡಿಸಿದ್ರೆ...” ಗಾಜಪ್ಪ ಮಾತು ನುಂಗಿಕೊಂಡರು.

“ನಿಮ್ಮ ಹೊಸ ಮುಖದ ಕಾಗದ ಎಲ್ಲಿ?”

ಅವರು ಖಾಲಿ ಡಬ್ಬವನ್ನು ತಮ್ಮ ಕಡೆಗೆ ಎಳೆದುಕೊಂಡರು.

“ನಾಲ್ಕು ಮೂಲೆಯಲ್ಲಿ ಅಂಟುಪಟ್ಟಿಯ ಕಲೆ ಇದೆ. ಕೂರಿಸಿ ಕಿತ್ತಿರೋದು ಇದು. ಹೊಸದಲ್ಲ. ಇದು ವಾರವಿಡೀ ಮೂರನೇ ಪೆಟ್ಟಿಗೆ ಮೇಲೆ ಇತ್ತು. ಕಿತ್ತವರು ಯಾರು?”

“ನಾನು ಬರೀ ಮುಖ ಮಾಡೋನು ಮೇಡಂ. ಒಳಗಿಂದು ನನಗೇನು ಗೊತ್ತು?”

“ಹಾಗಾದ್ರೆ ಇನ್ಸ್‌ಪೆಕ್ಟರ್ ಹತ್ತಿರ ಹೇಳಿ. ಇನ್ನು ಅರ್ಧ ಗಂಟೆಗೆ ಬರ್ತಾರೆ. ಹೆಣ ಮೊದಲು ನೋಡಿದವರು ಸುಳ್ಳು ಹೇಳಿಕೆ ಕೊಟ್ಟಿದ್ದಾರೆ ಅಂದ್ರೆ ಅವರಿಗೂ ಕೇಳೋಕೆ ಬಹಳ ಇರುತ್ತೆ.”

ತಂಗಿ ಎದ್ದು ಅವರ ಎದುರು ಬಂದು ನಿಂತಳು. ಅವಳು ಕೂಗಾಡಲಿಲ್ಲ.

“ಮಾಮ,” ಎಂದಳು. “ನಾಲ್ಕು ಗಂಟೆಗೆ ನಾನು ಹೋಗ್ತೀನಿ. ಅಣ್ಣನ್ನ ನಾನೇ ಕೊಂದೆ ಅಂತ ಬರೆದಿದ್ದೀನಿ. ಅದು ಹೌದೋ ಅಲ್ವೋ, ಅಷ್ಟು ಮಾತ್ರ ಹೇಳಿ.”

ಗಾಜಪ್ಪ ಡಬ್ಬದಿಂದ ಕೈ ತೆಗೆದರು. ಸ್ಟೂಲಿನ ಮೇಲೆ ಕುಸಿದು ಕೂತರು.

“ಡಾಕ್ಟ್ರು ಆಣೆ ಹಾಕಿಸಿದ್ರಮ್ಮ. ನಿನಗೆ ಹೇಳಬಾರದು ಅಂತ.”

“ನನಗೆ ಯಾಕೆ?”

“ನೀನೇ ಬೇಡ ಅಂದಿದ್ಯಲ್ಲ. ಯಜಮಾನ್ರಿಗೆ ಟ್ಯೂಬೇ ಬೇಕು ಅಂತ ಮಾತಾಗಿದೆ, ಮೋಸ ಮಾಡಬೇಡ ಅಂತ ಜಗಳ ಆಡಿದ್ಯಂತೆ. ಅವರಿಗೆ ಮನಸ್ಸು ತಡೀಲಿಲ್ಲ. ಮ್ಯೂಸಿಯಂಗೆ ಮಕ್ಕಳು ಬರ್ತಾವೆ, ಪರದೆ ಕುಟ್ತಾವೆ, ಈ ಹಳೇ ಟ್ಯೂಬು ಯಾವತ್ತಾದ್ರೂ ಸಿಡಿಯುತ್ತೆ ಅಂದ್ರು. ಹಿಂದಿನ ಭಾನುವಾರ ಇಬ್ಬರೂ ಸೇರಿ ಪ್ಯಾನೆಲ್ ಕೂರಿಸಿದ್ವಿ. ಯಾರಿಗೂ ಗೊತ್ತಾಗಲ್ಲ ಅಂತ ಮಗು ಥರ ನಕ್ಕಿದ್ರು.”

“ಆಮೇಲೆ?” ಎಂದೆ.

“ಗುರುವಾರ ಸಂಜೆ ಆರಕ್ಕೆ ಯಜಮಾನ್ರು ಫೋನ್ ಮಾಡಿದ್ರಂತೆ. ಏಳೂವರೆಗೆ ಬಂದು ಬೆನ್ನು ಬಿಚ್ಚಿಸಿ ನೋಡ್ತೀನಿ ಅಂತ. ಡಾಕ್ಟ್ರು ಕಂಗಾಲು. ನನ್ನನ್ನ ಕರೆಸಿದ್ರು. ಒಂದು ಗಂಟೆಯಲ್ಲಿ ಪ್ಯಾನೆಲ್ ಕಿತ್ತು ಟ್ಯೂಬ್ ವಾಪಸ್ ಕೂರಿಸಿದ್ರು. ಕೂರಿಸಿದ್ದೆಲ್ಲಾ ಅವರೇ, ನಾನು ಹಿಡ್ಕೊಂಡಿದ್ದೆ ಅಷ್ಟೇ. ಹಚ್ಚಿ ನೋಡಿದ್ರು, ಉರೀತು. ಯಜಮಾನ್ರು ನೋಡಿಕೊಂಡು ಹೋಗಲಿ, ಬೆಳಿಗ್ಗೆ ಮತ್ತೆ ಪ್ಯಾನೆಲ್ ಹಾಕೋಣ, ಒಂಬತ್ತಕ್ಕೆ ಮುಖ ತಗೊಂಡು ಬಾ ಅಂದ್ರು.”

ತೋರಿಕೆಗೆ ಟ್ಯೂಬು, ಬಳಕೆಗೆ ಪ್ಯಾನೆಲ್. ತಮ್ಮ ಕೈಚಳಕದ ಮೇಲೆ ಅಷ್ಟು ಮೋಹವಿರುವ ಮನುಷ್ಯನಿಗೆ ಮಾತ್ರ ಹೊಳೆಯುವ ದಡ್ಡತನ. ಸತ್ತವರ ಮೇಲೆ ನನಗೆ ಸಿಟ್ಟು ಬಂತು.

“ಕಾರ್ಡು?” ಎಂದು ಕೇಳಿದೆ. “ಅವಳು ಹಾಕಿದ ಹಸಿರು ಕಾರ್ಡು ಏನಾಯ್ತು?”

“ಅದನ್ನ ಡಾಕ್ಟ್ರೇ ತೆಗೆದ್ರಲ್ಲ. ಟ್ಯೂಬ್ ಹಚ್ಚಿದ ಮೇಲೆ ಹಸಿರು ಇರಬಾರದು ಅಂತ ತೆಗೆದು, ಗೋಡೆ ಮೊಳೆಗೆ ಸಿಕ್ಕಿಸಿ, ದಾರಕ್ಕೆ ಕೆಂಪು ಹಾಕಿದ್ರು. ನಾನು ಕಣ್ಣಾರೆ ನೋಡಿದ್ದೀನಿ.”

“ಖಂಡಿತ?”

“ಖಂಡಿತ. ನಾನು ಪ್ಯಾನೆಲ್ಲೂ ಮುಖಾನೂ ಸ್ಕೂಟರ್ ಮೇಲಿಟ್ಟುಕೊಂಡು ಹೊರಡೋವಾಗ ಯಜಮಾನ್ರ ಕಾರು ಗೇಟಿಗೆ ಬಂತು. ಅವರು ಒಳಗೆ ಹೋದ್ರು, ನಾನು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದ್ರೆ ಡಾಕ್ಟ್ರು ನೆಲದ ಮೇಲೆ. ಪೆಟ್ಟಿಗೆ ದಾರದಲ್ಲಿ ಹಸಿರು. ಕೆಂಪು ಎಲ್ಲೂ ಕಾಣಲಿಲ್ಲ.” ಅವರು ಅಂಗೈಯಿಂದ ಮುಖ ಒರೆಸಿಕೊಂಡರು. “ಟ್ಯೂಬ್ ಕೂರಿಸೋಕೆ ಕೈ ಹಾಕಿದ್ದೆ ಅಂದ್ರೆ ನನ್ನನ್ನೇ ಹಿಡೀತಾರೆ ಅಂತ ಹೆದರಿ ಸುಮ್ಮನಾದೆ. ನಿನ್ನ ಮೇಲೆ ಬರುತ್ತೆ ಅಂತ ಗೊತ್ತಿರಲಿಲ್ಲಮ್ಮ, ಸತ್ಯವಾಗ್ಲೂ.”

ಇವರ ಮಾತನ್ನು ಪೂರ್ತಿ ನಂಬಬೇಕೆಂದಿಲ್ಲ. ಒಂದು ಸಲ ಸುಳ್ಳು ಹೇಳಿದ ಬಾಯಿ ಇದು. ಆದರೆ ಅಮ್ಮನ ಕೈ ಹೇಳಿದ್ದಕ್ಕೂ ಈ ಮುಖ ಹೇಳಿದ್ದಕ್ಕೂ ತಾಳೆ ಬೀಳುತ್ತಿತ್ತು.

ತಂಗಿಯ ಎರಡೂ ಭುಜ ಹಿಡಿದೆ. “ಕೇಳಿಸ್ತಾ? ನೀನು ಹಾಕಿದ ಕಾರ್ಡು ಗುರುವಾರವೇ ಇಳೀತು. ನಿಮ್ಮಣ್ಣ ತಾವೇ ಇಳಿಸಿದ್ರು. ನಿನ್ನ ತಪ್ಪು ಅಲ್ಲಿಗೇ ಮುಗೀತು ಕಣೆ. ಆಮೇಲೆ ಯಾರೋ ಕೆಂಪು ತೆಗೆದು ಹಸಿರು ಹಾಕಿದ್ದಾರೆ. ಬೆಳಿಗ್ಗೆ ನಿಮ್ಮಣ್ಣ ಅದನ್ನ ನೋಡಿದ್ದಾರೆ. ನಿನ್ನ ಸಹಿ ಇದೆ. ಬೆಳಿಗ್ಗೆ ಬೇಗ ಬಂದು ಚಾರ್ಜ್ ಇಳಿಸಿ ಹೋಗಿದ್ದಾಳೆ ಅಂತ ಅಂದುಕೊಂಡಿದ್ದಾರೆ. ನೀನು ಹಾಗೆ ಮಾಡೋದುಂಟಲ್ಲ?”

“ಉಂಟು,” ಎಂದಳು. “ಮಗಳನ್ನ ಸ್ಕೂಲಿಗೆ ಬಿಡೋಕೆ ಮುಂಚೆ ಎಷ್ಟೋ ಸಲ.”

ಅಷ್ಟು ಹೇಳಿ ಅವಳು ಅತ್ತಳು. ಮೂರು ದಿನ ಕಟ್ಟಿಹಾಕಿದ್ದ ಅಳು, ಮೈಯೆಲ್ಲ ಅಲುಗುವ ಹಾಗೆ ಬಂತು. ನಾನು ತಡೆಯಲಿಲ್ಲ. ಆ ಕಾಗದವನ್ನು ಹರಿದು ಕಿಟಕಿಯಾಚೆ ಎಸೆಯಬೇಕೆಂದು ನನ್ನ ಕೈ ತುರಿಸುತ್ತಿತ್ತು. ಆಗಲೇ ಹರಿದುಬಿಟ್ಟಿದ್ದರೆ ಚೆನ್ನಾಗಿತ್ತು.

ಅಮ್ಮ ಕಾಫಿಯ ತಟ್ಟೆ ಹಿಡಿದು ಇಳಿದುಬಂದರು. ಮೂವರ ಮುಖಗಳನ್ನೂ ನೋಡಿದರು.

“ಏನಾಯ್ತು? ಯಾಕಮ್ಮ ಅಳ್ತಿದ್ಯ? ಗಾಜಪ್ಪ, ಏನಂದೆ ಅವಳಿಗೆ?”

“ಏನಿಲ್ಲ ಅಮ್ಮ,” ಎಂದೆ. “ಒಳ್ಳೇ ಸುದ್ದಿಯೇ. ಶುಕ್ರವಾರ ಬೆಳಿಗ್ಗೆ ಮೂರನೇ ಪೆಟ್ಟಿಗೆಗೆ ಹಸಿರು ಕಾರ್ಡು ಹಾಕಿದವರು ನಿಮ್ಮ ಮಗಳಲ್ಲ. ಅಷ್ಟು ಗೊತ್ತಾಯ್ತು.”

“ಅವಳಲ್ಲ ಮತ್ತೆ. ಅದು ನಾನು ಹಾಕಿದ್ದು.”

ಅವರು ಒಂದು ಲೋಟವನ್ನು ನನ್ನ ಕೈಗೆ ಕೊಟ್ಟರು. ನಾನು ಹಿಡಿದುಕೊಂಡೆ. ಬಿಸಿ ತಾಗಿತೋ ಇಲ್ಲವೋ ನೆನಪಿಲ್ಲ.

“ಬೆಳಿಗ್ಗೆ ಆರೂವರೆಗೆ ಕಸ ಗುಡಿಸೋಕೆ ಬಂದೆ. ಗೋಡೆ ಪಕ್ಕ ನೆಲದ ಮೇಲೆ ಬಿದ್ದಿತ್ತು. ತಿರುಗಿಸಿ ನೋಡಿದೆ, ಮೂರು ಅಂತ ಬರೆದಿತ್ತು. ಮೂರನೇದರ ದಾರದಲ್ಲಿ ಏನೂ ಇರಲಿಲ್ಲ. ಬಿದ್ದುಹೋಗಿದೆ ಅಂತ ಎತ್ತಿ ಹಾಕಿದೆ. ನಿಮ್ಮ ಬಣ್ಣಗಿಣ್ಣ ನನಗೆ ತಿಳಿಯಲ್ಲ ತಾಯಿ, ನಂಬರ್ ತಿಳಿಯುತ್ತೆ. ಅದರ ವಸ್ತು ಅದರ ಜಾಗದಲ್ಲಿ ಇರ್ಬೇಕು ಅಂತ ನನ್ನ ಮಗನೂ ಹೇಳೋನು.”

ಗಾಜಪ್ಪ ನೆಲ ನೋಡಿದರು.

ಒಂದು ಕೆಟ್ಟ ಗಳಿಗೆ ನನ್ನ ತಲೆ ಖಾಲಿಯಾಯಿತು. ಮರುಗಳಿಗೆ ಅಮ್ಮನ ಮಾತಿನ ನಡುವಿನ ಒಂದು ತುಂಡು ನನ್ನನ್ನು ಹಿಡಿದು ಅಲುಗಿಸಿತು. ದಾರದಲ್ಲಿ ಏನೂ ಇರಲಿಲ್ಲ. ಡಾಕ್ಟರು ಕೈಯಾರೆ ಹಾಕಿದ ಕೆಂಪು ಕಾರ್ಡು ಆರೂವರೆಗೆ ಅಲ್ಲಿರಲಿಲ್ಲ. ಅದು ನೆಲಕ್ಕೆ ಬಿದ್ದಿದ್ದರೆ ಅಮ್ಮನ ಕಸಬರಿಕೆಗೆ ಸಿಗಬೇಕಿತ್ತು. ಅಂದರೆ ಅಮ್ಮ ಬರುವ ಮೊದಲೇ ಯಾರೋ ಅದನ್ನು ತೆಗೆದು ಜೇಬಿಗಿಳಿಸಿದ್ದಾರೆ. ಈ ಮುದುಕಿಯ ಕೈ ಬಂದದ್ದು ಆಮೇಲೆ, ಏನೂ ಅರಿಯದೆ.

ಅದನ್ನು ಹೇಳಲು ಬಾಯಿ ತೆರೆದೆ. ಹೊರಗೆ ಜೀಪು ನಿಂತ ಸದ್ದಾಯಿತು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಇವರೊಬ್ಬರು, ತಡವಾಗಬೇಕಾದ ದಿನವೇ ಬೇಗ ಬರುತ್ತಾರೆ.

ತಂಗಿ ಕಣ್ಣೊರೆಸಿಕೊಂಡಳು. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು.

ನಾನು ಅವಳ ಮಣಿಕಟ್ಟು ಹಿಡಿದೆ. “ಬೇಡ. ಕೆಂಪು ತೆಗೆದವರು ಬೇರೆ ಇದ್ದಾರೆ. ಗುರುವಾರ ಸಂಜೆ ಯಜಮಾನ್ರು ಬಂದಾಗಿನಿಂದ ಶುಕ್ರವಾರ ಬೆಳಗಿನೊಳಗೆ ಇಲ್ಲಿ ಯಾರಿದ್ರೋ ಅವರು. ಒಂದು ದಿನ ಕೊಡು ನನಗೆ.”

“ಅದನ್ನ ಹುಡುಕೋಕೆ ಹೋದ್ರೆ ಮೊದಲು ಯಾರನ್ನ ಕೇಳ್ತಾರೆ ಅಕ್ಕ?” ಅವಳ ದನಿ ನನಗೆ ಮಾತ್ರ ಕೇಳುವಷ್ಟಿತ್ತು. “ಅಮ್ಮನ್ನ. ಹಸಿರು ಯಾರು ಹಾಕಿದ್ದು ಅಂತ. ಅಮ್ಮ ನಗ್ತಾ ಹೇಳ್ತಾರೆ. ಆಮೇಲೆ ಅರ್ಥ ಆಗುತ್ತೆ. ಅರ್ಥ ಆದಮೇಲೆ ಅವರು ಬದುಕ್ತಾರಾ?”

“ಸುಳ್ಳಿಗೆ ಸಹಿ ಹಾಕ್ತಿದ್ದೀಯ.”

“ನಾನು ಬಿಚ್ಚದೇ ಕಾರ್ಡ್ ಹಾಕಿದ್ದು ಸುಳ್ಳಲ್ಲ. ಬಿಡಿ ಕೈ.”

ಇನ್ಸ್‌ಪೆಕ್ಟರ್ ಒಳಬಂದರು, ಟೋಪಿ ಕಂಕುಳಲ್ಲಿ. “ಬೇಗ ಬಂದ್ನಾ? ಪರವಾಗಿಲ್ಲ, ನಿಧಾನಕ್ಕೆ ಆಗಲಿ.”

“ರೆಡಿ ಇದೆ ಸರ್,” ಎಂದಳು ತಂಗಿ. ನನ್ನ ಕೈ ಕೊಡವಿ, ನಿಂತುಕೊಂಡೇ ಸಹಿ ಹಾಕಿದಳು. ಅದೇ ದುಂಡನೆಯ ಅಕ್ಷರ. ಕಾಗದವನ್ನು ಅವರ ಕೈಗಿತ್ತಳು.

“ಸರ್, ಇದನ್ನ ತಗೋಬೇಡಿ,” ಎಂದೆ. “ಈ ಕೇಸಲ್ಲಿ ಇನ್ನೊಂದು ಕೈ ಇದೆ.”

“ಯಾರದು ಮೇಡಂ?”

ಅಮ್ಮನ ಎದುರಿಗೆ ನಾನು ಏನೆಂದು ಹೇಳಲಿ?

ಅಮ್ಮ ಮಗಳ ಕೈಯ ಪೆನ್ನನ್ನು ನೋಡಿದರು. ತಲೆ ತಗ್ಗಿಸಿದ್ದ ಗಾಜಪ್ಪನನ್ನು ನೋಡಿದರು. ಕೊನೆಗೆ ನನ್ನ ಮುಖವನ್ನು, ಬಹಳ ಹೊತ್ತು. ಇಷ್ಟು ವರ್ಷ ಮಕ್ಕಳ ಮುಖ ಓದಿದವರಿಗೆ ನಮ್ಮ ಮೂರು ಮುಖ ಓದುವುದು ಎಷ್ಟರ ಕೆಲಸ? ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟರು.

“ಆ ಕಾರ್ಡು ನೋಡಿ ಅವನು ಕೈ ಹಾಕಿದ್ನಾ?” ಎಂದು ಮಗಳನ್ನು ಕೇಳಿದರು.

“ಅಮ್ಮ, ಮೇಲೆ ಹೋಗು.”

“ನನ್ನ ಪ್ರಶ್ನೆಗೆ ಉತ್ತರ ಹೇಳು.”

ಮಗಳು ಅವರ ತೋಳು ಹಿಡಿದು ಮೆಟ್ಟಿಲ ಕಡೆಗೆ ತಿರುಗಿಸಿದಳು. ಅವರಿಗೆ ಅಷ್ಟೇ ಸಾಕಾಯಿತು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಇನ್ಸ್‌ಪೆಕ್ಟರ್ ಎದುರು ಹೋಗಿ ನಿಂತರು. ದನಿ ನಡುಗುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಅವಳ ಕಾಗದ ವಾಪಸ್ ಕೊಡಪ್ಪ. ಬೇರೆ ಹಾಳೆ ತೆಗಿ. ಕಾರ್ಡು ಹಾಕಿದ್ದು ನಾನು. ನನಗೆ ಬರೆಯೋಕೆ ಬರುತ್ತೆ.”

“ಸುಳ್ಳು ಸರ್!” ಎಂದು ಮಗಳು ಕಿರುಚಿದಳು. “ಅಮ್ಮನಿಗೆ ದುಃಖಕ್ಕೆ ತಲೆ ಕೆಟ್ಟಿದೆ. ಸಹಿ ನನ್ನದಿದೆ, ನನ್ನನ್ನ ಕರ್ಕೊಂಡು ಹೋಗಿ.”

ಇನ್ಸ್‌ಪೆಕ್ಟರ್ ಕೈಯಲ್ಲಿ ಕಾಗದ ಹಿಡಿದುಕೊಂಡು ತಾಯಿಯನ್ನೊಮ್ಮೆ ನೋಡಿದರು, ಮಗಳನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀವೇ ಹೇಳಿ ಮೇಡಂ. ಇವರಲ್ಲಿ ಯಾರನ್ನ ಜೀಪಿಗೆ ಹತ್ತಿಸಲಿ?”